ಯಾವ ಪಿಚ್ಚರ್ ಮೇಲು? ಅರಕೇರಾ ಸೀಮೆಯ ಒಂದು ಮುಗಿಯದ ವಾದ

(ಅರಕೇರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿ ಇಟ್ಟ ಹಿರಿಯರು ಎರಡು ಶರತ್ತು ಹಾಕಿದ್ದಾರೆ. ವೇದಿಕೆಯ ಮೇಲೆ ಅವರ ಹೆಸರು ಹೇಳಬಾರದು. ಉಪನ್ಯಾಸ ಊರಿನ ಮಂದಿಗೆ ಮೊದಲೇ ಗೊತ್ತಿರುವ ವಿಷಯದ ಮೇಲೆ ಇರಬೇಕು. ಮೊದಲನೆಯದನ್ನು ಪಾಲಿಸುವುದು ಸುಲಭ. ಎರಡನೆಯದು ಉಪನ್ಯಾಸಕನ ಕೊರಳಿಗೆ ಬರುವಂಥದ್ದು. ಗೊತ್ತಿಲ್ಲದ ವಿಷಯ ಹೇಳಿದರೆ ಸಭೆ ಸುಮ್ಮನೆ ತಲೆದೂಗುತ್ತದೆ, ಗೊತ್ತಿರುವುದನ್ನು ಹೇಳಹೋದರೆ ನಡುವೆಯೇ ಎದ್ದು ‘ಅದು ಹಂಗಲ್ರಿ’ ಅನ್ನುತ್ತದೆ. ನಾನು ಆರಿಸಿಕೊಂಡಿರುವ ವಿಷಯಕ್ಕೆ ಆ ಮಾತು ಬಂದೇ ಬರುತ್ತದೆ. ಹಳೆಯ ಸಿನಿಮಾಗಳಲ್ಲಿ ಯಾವುದು ಮೇಲು, ಯಾವುದು ಅದರ ಕೆಳಗೆ? ಅರಕೇರಾದ ಚಾದಂಗಡಿಯಲ್ಲಿ, ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಮಾನ್ವಿಯ ಕ್ಷೌರದಂಗಡಿಯಲ್ಲಿ ಈ ವಾದ ನಡೆಯುವುದನ್ನು ಕೇಳದವರು ಇಲ್ಲಿ ಯಾರೂ ಇರಲಾರರು.

ಜಗತ್ತಿನಲ್ಲಿ ಈ ವಾದಕ್ಕೆ ಒಂದು ಅಧಿಕೃತ ಪೀಠವೇ ಇದೆ. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. ಮೊದಲ ಸಲ ಇಟಲಿಯ ‘ಬೈಸಿಕಲ್ ಥೀವ್ಸ್’ ಗೆದ್ದಿತು. 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ ಕುರ್ಚಿ ಬಿಡಲಿಲ್ಲ. 2012ರಲ್ಲಿ ಹಿಚ್‌ಕಾಕ್‌ನ ‘ವರ್ಟಿಗೊ’ ಅದನ್ನು ಎಬ್ಬಿಸಿತು. 2022ರಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ವಿಮರ್ಶಕರು ಮತ ಹಾಕಿದರು; ಮೊದಲ ಸ್ಥಾನ ಬೆಲ್ಜಿಯಂನ ಶಾಂತಾಲ್ ಅಕೆರ್ಮನ್ ಮಾಡಿದ ‘ಜ್ಯಾನ್ ಡೀಲ್ಮನ್’ ಚಿತ್ರಕ್ಕೆ ಹೋಯಿತು. 201 ನಿಮಿಷದ ಆ ಚಿತ್ರದಲ್ಲಿ ಒಬ್ಬ ವಿಧವೆ ಮನೆಗೆಲಸ ಮಾಡುತ್ತಾಳೆ. ಆಲೂಗಡ್ಡೆ ಸುಲಿಯುತ್ತಾಳೆ, ಹಾಸಿಗೆ ಸರಿ ಮಾಡುತ್ತಾಳೆ, ದೀಪ ಆರಿಸುತ್ತಾಳೆ. ಇದನ್ನು ನಾನು ಇಲ್ಲಿನ ಗೆಳೆಯರೊಬ್ಬರಿಗೆ ಹೇಳಿದಾಗ ‘ಮೂರು ತಾಸು ಬಟಾಟಿ ಸುಲಿಯೋದು ನೋಡಾಕ ಟಿಕೀಟ್ ಯಾಕ ಬೇಕ್ರೀ, ಮನ್ಯಾಗ ಕುಂತ್ರ ಆತಲ್ಲ’ ಅಂದರು. ನಕ್ಕುಬಿಡಬಹುದಾದ ಮಾತು. ಆದರೆ ಅದೇ ಗೆಳೆಯರು ಅದೇ 1975ರಲ್ಲಿ ಬಂದ, ಹೆಚ್ಚುಕಡಿಮೆ ಅಷ್ಟೇ ಉದ್ದದ ‘ಶೋಲೆ’ಯನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದವರು. ಅದರ ಮಾತುಗಳನ್ನಷ್ಟೇ ತುಂಬಿದ ಗ್ರಾಮಫೋನ್ ಪ್ಲೇಟು ಬಂದಿತ್ತಲ್ಲ, ಅದನ್ನು ಕೇಳಿಯೇ ಗಬ್ಬರ್‌ಸಿಂಗನನ್ನು ಬಾಯಿಪಾಠ ಮಾಡಿದವರು. ಮೂರು ತಾಸು ಅವರಿಗೆ ಹೆಚ್ಚಾಗುವುದಿಲ್ಲ. ಆ ಮೂರು ತಾಸಿನಲ್ಲಿ ಅವರು ಬೇರೆ ಏನನ್ನೋ ಹುಡುಕುತ್ತಾರೆ.

ನಮ್ಮ ದೇಶದಲ್ಲೂ ಪಟ್ಟಿಗಳಿವೆ. ಅಂತರರಾಷ್ಟ್ರೀಯ ಸಿನಿಮಾ ವಿಮರ್ಶಕರ ಸಂಘದ ಭಾರತೀಯ ಶಾಖೆ 2022ರಲ್ಲಿ ಭಾರತದ ಹತ್ತು ಶ್ರೇಷ್ಠ ಚಿತ್ರಗಳನ್ನು ಆರಿಸಿತು. ಮೊದಲನೆಯದು ‘ಪಥೇರ್ ಪಾಂಚಾಲಿ’. ಐದನೆಯದು ನಮ್ಮ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಹತ್ತನೆಯದು ‘ಶೋಲೆ’. ಕನ್ನಡದ ಒಂದೇ ಚಿತ್ರ, ಅದೂ ‘ಶೋಲೆ’ಗಿಂತ ಐದು ಮೆಟ್ಟಿಲು ಮೇಲೆ. ಇನ್ನೊಂದು ಕಡೆ, 2013ರಲ್ಲಿ ಒಂದು ಟಿವಿ ವಾಹಿನಿ ಸಾಮಾನ್ಯ ನೋಡುಗರ ಮತ ಕೇಳಿದಾಗ ಗೆದ್ದಿದ್ದು ಕೆ.ವಿ. ರೆಡ್ಡಿಯವರ 1957ರ ತೆಲುಗು ‘ಮಾಯಾಬಜಾರ್’. ಈ ಸಭೆಯಲ್ಲಿ ಕೈ ಎತ್ತಿಸಿದರೆ ‘ಮಾಯಾಬಜಾರ್’ ನೋಡಿದವರ ಕೈ ಎಷ್ಟು, ‘ಘಟಶ್ರಾದ್ಧ’ ನೋಡಿದವರ ಕೈ ಎಷ್ಟು ಎಂಬುದನ್ನು ಊಹಿಸಬಲ್ಲೆ. ಹಾಗಾದರೆ ನಮ್ಮ ಸೀಮೆಯವರಿಗೆ ಸಿನಿಮಾ ತಿಳಿಯದೆ? ಚೆನ್ನಾಗಿ ತಿಳಿಯುತ್ತದೆ. ಅವರು ಅಂಕ ಕೊಡುವ ರೀತಿ ಮಾತ್ರ ಬೇರೆ. ಆ ರೀತಿ ಎಲ್ಲಿಂದ ಬಂತು, ಅದರಿಂದ ಏನು ಕಾಣುತ್ತದೆ, ಏನು ಕಾಣದೇ ಹೋಗುತ್ತದೆ ಎಂಬುದಷ್ಟೇ ನನ್ನ ಇವತ್ತಿನ ಮಾತು.

1956ರ ನವೆಂಬರ್ ಒಂದರವರೆಗೆ ನಮ್ಮ ರಾಯಚೂರು ಜಿಲ್ಲೆ ಹೈದರಾಬಾದಿನದು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಾಗ ನಾವು ಬೇರೆ ಸರ್ಕಾರದ ಪ್ರಜೆಗಳು. ಇಲ್ಲಿಗೆ ಉರ್ದು ಮಾತಿನ ಹಿಂದಿ ಚಿತ್ರ ಬರುತ್ತಿತ್ತು, ಕರ್ನೂಲು–ಗದ್ವಾಲದ ದಾರಿಯಿಂದ ತೆಲುಗು ಚಿತ್ರ ಬರುತ್ತಿತ್ತು. ಕನ್ನಡಕ್ಕೆ ಡಬ್ ಮಾಡುವ ರೂಢಿ ಅರವತ್ತರ ದಶಕದಲ್ಲಿ ನಿಂತುಹೋದದ್ದರಿಂದ ಎನ್.ಟಿ. ರಾಮರಾಯರನ್ನು ನಾವು ತೆಲುಗಿನಲ್ಲೇ ಕೇಳಿದೆವು, ದಿಲೀಪ್ ಕುಮಾರರನ್ನು ಉರ್ದುವಿನಲ್ಲೇ ಕೇಳಿದೆವು. ಟೂರಿಂಗ್ ಟಾಕೀಸಿನ ಡೇರೆ ಎದ್ದ ಊರಿನಲ್ಲಿ ಸಂಜೆ ಘಂಟಸಾಲರ ವೆಂಕಟೇಶ ಸ್ತುತಿ ಮೈಕಿನಲ್ಲಿ ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಅರ್ಥ. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು, ಕುರ್ಚಿಗೆ ಒಂದು. ಒಂದೇ ಪ್ರೊಜೆಕ್ಟರ್ ಇದ್ದ ಡೇರೆಯಲ್ಲಿ ಪ್ರತಿ ಸಲ ರೀಲು ಬದಲಿಸುವಾಗ ದೀಪ ಹತ್ತುತ್ತಿತ್ತು. ಆ ಬಿಡುವಿನಲ್ಲಿ ಬೀಡಿ ಹಚ್ಚುತ್ತಿದ್ದರು, ಶೇಂಗಾ ಸುಲಿಯುತ್ತಿದ್ದರು, ಅದುವರೆಗೆ ನೋಡಿದ್ದರ ತೀರ್ಪು ಅಲ್ಲಿಯೇ ಆಗುತ್ತಿತ್ತು. ಬೆಂಗಳೂರಿನ ಪ್ರೇಕ್ಷಕ ಚಿತ್ರ ಮುಗಿದ ಮೇಲೆ ಮನೆಗೆ ಹೋಗುತ್ತಾ ವಿಮರ್ಶೆ ಮಾಡಿದರೆ, ನಮ್ಮವನು ರೀಲಿಗೊಂದು ವಿಮರ್ಶೆ ಮಾಡಿದ. ಅದಕ್ಕೇ ಇಂದಿಗೂ ಇಲ್ಲಿನ ಹಿರಿಯರು ಸಿನಿಮಾವನ್ನು ಇಡಿಯಾಗಿ ಹೇಳುವುದಿಲ್ಲ. ಸನ್ನಿವೇಶ ಹೇಳುತ್ತಾರೆ, ಪಾತ್ರ ಹೇಳುತ್ತಾರೆ. ‘ಪಿಚ್ಚರ್ ಹಂಗೇ ಅದ, ಆದ್ರ ಅವನ ಪಾರ್ಟು ನೋಡಬೇಕು’ ಎಂಬ ಮಾತು ನಮ್ಮಲ್ಲಿ ಬೈಗುಳವಲ್ಲ.

ಪಾರ್ಟಿನ ಮೇಲಿನ ಈ ಕಣ್ಣು ಸಿನಿಮಾಕ್ಕಿಂತ ಹಳೆಯದು. ಜಾತ್ರೆಗೆ ಬಂದ ಕಂಪನಿ ನಾಟಕ, ಊರಿನ ಹುಡುಗರೇ ಕಟ್ಟಿದ ದೊಡ್ಡಾಟ, ಎರಡರಲ್ಲೂ ಕಥೆ ಗೊತ್ತಿರುವುದೇ. ಹರಿಶ್ಚಂದ್ರ ಸುಡುಗಾಡು ಕಾಯುವುದು ಎಲ್ಲರಿಗೂ ಗೊತ್ತು. ಈ ವರ್ಷದ ಹರಿಶ್ಚಂದ್ರ ಹೋದ ವರ್ಷದವನಿಗಿಂತ ಹೇಗೆ ಎಂಬುದೇ ಪ್ರಶ್ನೆ. ಅಂಥ ಪ್ರೇಕ್ಷಕನಿಗೆ 1965 ಒಂದು ಹಬ್ಬವನ್ನೇ ತಂದಿತು. ಕೆ.ವಿ. ರೆಡ್ಡಿಯವರು ತೆಲುಗಿನಲ್ಲಿ ಎನ್.ಟಿ.ಆರ್. ಅವರನ್ನು ಹಾಕಿಕೊಂಡು ಹರಿಶ್ಚಂದ್ರನ ಕಥೆ ಮಾಡಿದರು. ಅದೇ ಹೊತ್ತಿಗೆ ಅವರೇ ನಿರ್ಮಾಪಕರಾಗಿ ಹುಣಸೂರು ಕೃಷ್ಣಮೂರ್ತಿಯವರಿಂದ ಕನ್ನಡದಲ್ಲಿ ‘ಸತ್ಯ ಹರಿಶ್ಚಂದ್ರ’ ಮಾಡಿಸಿದರು. ಇಲ್ಲಿ ರಾಜ್‌ಕುಮಾರ್, ಪಂಡರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಎಂ.ಪಿ. ಶಂಕರ್. ಅಷ್ಟೊತ್ತಿಗೆ ತೆಲುಗು ಸಿನಿಮಾದ ಪುರಾಣಕ್ಕೆ ಎನ್.ಟಿ.ಆರ್. ಒಡೆಯರಿದ್ದಂತೆ. ಆದರೂ ತೆಲುಗಿನದು ಸೋತಿತು, ಕನ್ನಡದ್ದು ಗೆದ್ದಿತು. ಎರಡೂ ಭಾಷೆ ಬಲ್ಲ ರಾಯಚೂರಿನವನು ಕೊಟ್ಟ ಕಾರಣ ನನಗೆ ಇಂದಿಗೂ ಸರಿ ಎನಿಸುತ್ತದೆ. ಎನ್.ಟಿ.ಆರ್. ಸುಡುಗಾಡಿನಲ್ಲೂ ಅರಸನಾಗಿಯೇ ನಿಂತರು. ರಾಜ್‌ಕುಮಾರ್ ಅಲ್ಲಿ ಕೂಲಿಯವನಾದರು. ನಮ್ಮ ಸೀಮೆಗೆ ಕೂಲಿ ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಕಂಬಳಿ ಹೊದ್ದು, ಕೋಲು ಹಿಡಿದು, ಹೆಂಡತಿಯನ್ನೇ ಸುಂಕ ಕೇಳುವ ಹೊತ್ತಿನಲ್ಲಿ ಅವರ ಬೆನ್ನು ಎಷ್ಟು ಬಾಗಿತ್ತು ಎಂಬುದನ್ನು ಎದ್ದು ನಿಂತು ತೋರಿಸುವ ಮುದುಕರು ಈ ಊರ ಸುತ್ತ ಇದ್ದಾರೆ. 2008ರಲ್ಲಿ ಆ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣ ಬಂದ ಮೇಲೆ ಸುಡುಗಾಡು ಸ್ವಲ್ಪ ಚೆಂದವಾಯಿತು, ಅದು ಬೇಡವಾಗಿತ್ತು.

ಇದೇ ಬಗೆಯ ಇನ್ನೊಂದು ಜೋಡಿ 1954ರದು. ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ನಾಯಕನಟರಾದರು, ಅದರ ತೆಲುಗು ರೂಪ ‘ಕಾಳಹಸ್ತಿ ಮಹಾತ್ಮ್ಯಂ’ನಲ್ಲೂ ಅವರೇ ಇದ್ದರು. ಅವರು ನಟಿಸಿದ ಒಂದೇ ಒಂದು ತೆಲುಗು ಚಿತ್ರ ಅದು. ಸುರಪುರ–ದೇವದುರ್ಗದ ಈ ಬೇಡ ನಾಯಕರ ನಾಡಿನಲ್ಲಿ ಬೇಡನೊಬ್ಬ ಕಥೆಯ ನಡುವೆ ನಿಂತದ್ದಕ್ಕೇ ಒಂದಷ್ಟು ಅಂಕ ಹೆಚ್ಚು ಬಿದ್ದಿರಬೇಕು. ಬೀಳಲಿ ಬಿಡಿ. ‘ಸಿಟಿಜನ್ ಕೇನ್’ಗೆ ಪತ್ರಿಕೆಯವರೆಲ್ಲ ಮತ ಹಾಕಿದ್ದು ಅದು ಪತ್ರಿಕೆಯ ಮಾಲೀಕನ ಕಥೆ ಎಂಬುದಕ್ಕೂ ಹೌದೇನೋ, ಯಾರು ಬಲ್ಲರು?

ಕಂಪನಿ ನಾಟಕದಿಂದ ಸಿನಿಮಾಕ್ಕೆ ನೇರ ಸೇತುವೆ ಹಾಕಿದ್ದು ‘ಸಂಪತ್ತಿಗೆ ಸವಾಲ್’. ಉತ್ತರ ಕರ್ನಾಟಕದ ನಾಟಕಕಾರ ಪಿ.ಬಿ. ಧುತ್ತರಗಿಯವರ ನಾಟಕ 1974ರಲ್ಲಿ ಎ.ವಿ. ಶೇಷಗಿರಿರಾವ್ ಅವರ ಚಿತ್ರವಾಯಿತು. ಎಮ್ಮೆಯ ಮೇಲೆ ಕುಳಿತು ಹೊಂಟ ರಾಜ್‌ಕುಮಾರ್ ಅವರ ಭದ್ರ, ಅವನಿಗೆ ಸರಿಸಾಟಿಯಾದ ಮಂಜುಳಾ ಅವರ ದುರ್ಗಿ, ವಜ್ರಮುನಿಯವರ ಸಾಹುಕಾರ ಸಿದ್ದಪ್ಪ. ಆ ಎಮ್ಮೆಯ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು, ಆಮೇಲೆ ಅವರ ಹಾಡೆಂದರೆ ಅವರದೇ ದನಿ ಎಂಬಂತಾಯಿತು. ಅದುವರೆಗೆ ಅವರ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. ವಿಮರ್ಶಕರ ಯಾವ ದೊಡ್ಡ ಪಟ್ಟಿಯಲ್ಲೂ ಈ ಚಿತ್ರವನ್ನು ನಾನು ನೋಡಿಲ್ಲ. ನಮ್ಮಲ್ಲಿ ಮೊದಲ ಮೂರರಿಂದ ಕೆಳಗಿಳಿದದ್ದನ್ನೂ ನೋಡಿಲ್ಲ. ಸಾಹುಕಾರ ಸಿದ್ದಪ್ಪನ ಜಾಗದಲ್ಲಿ ತಮ್ಮೂರಿನ ಯಾವನದೋ ಹೆಸರಿಟ್ಟು ನೋಡಿದವರು ಹಾಕಿದ ಅಂಕ ಅದು.

ಹೆಂಗಸರ ಪಟ್ಟಿ ಬೇರೆಯೇ. ಚಾದಂಗಡಿಯಲ್ಲಿ ಅವರು ಕೂಡುವುದಿಲ್ಲವಾದ್ದರಿಂದ ಅದು ಯಾರ ಕಿವಿಗೂ ಬೀಳುವುದಿಲ್ಲ. ಜಗನ್ನಾಥದಾಸರ ಮಾನ್ವಿಯ ಸುತ್ತ, ದಾಸರ ಪದ ಹೇಳುತ್ತಾ ಬೆಳೆದ ಹಿರಿಯ ಹೆಣ್ಣುಮಕ್ಕಳು 1960ರ ‘ಭಕ್ತ ಕನಕದಾಸ’ದ ಮುಂದೆ ಬೇರೆ ಯಾವುದನ್ನೂ ಇಡುವುದಿಲ್ಲ. ಅವರಿಗಿಂತ ಕಿರಿಯರನ್ನು ಕೇಳಿದರೆ ಪುಟ್ಟಣ್ಣ ಕಣಗಾಲರ ‘ಶರಪಂಜರ’ ಅನ್ನುತ್ತಾರೆ. ತ್ರಿವೇಣಿಯವರ ಕಾದಂಬರಿ, 1971ರ ಚಿತ್ರ, ಕಲ್ಪನಾ ಅವರ ಕಾವೇರಿ. ಹುಚ್ಚು ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರು ಹುಚ್ಚಿಯಾಗಿಯೇ ನೋಡುತ್ತಾರೆ. ಈ ಚಿತ್ರದ ಬಗ್ಗೆ ಗಂಡಸರು ‘ಕಲ್ಪನಾ ಏನ್ ಆಕ್ಟಿಂಗ್’ ಎನ್ನುತ್ತಾರೆ. ಹೆಂಗಸರು ಆಕ್ಟಿಂಗ್ ಮಾತೇ ಎತ್ತುವುದಿಲ್ಲ, ಆ ಅತ್ತೆಮನೆಯ ಮಾತು ಎತ್ತುತ್ತಾರೆ. ಎರಡನೆಯದು ಗಟ್ಟಿ ವಿಮರ್ಶೆ ಎಂದು ನನ್ನ ಎಣಿಕೆ.

ಇನ್ನು ನಮ್ಮ ರೀತಿಗೆ ಕಾಣದೇ ಹೋದದ್ದರ ಮಾತು. ಹೋಲಿಸಬೇಕಾದರೆ ಎರಡನ್ನೂ ನೋಡಿರಬೇಕು. ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ, ಹಾಗಾಗಿ ಕನ್ನಡದ ಮೊದಲ ಚಿತ್ರಕ್ಕೆ ಯಾರೂ ಯಾವ ಸ್ಥಾನವನ್ನೂ ಕೊಡುವಂತಿಲ್ಲ. ಅದಾದರೂ ಎಲ್ಲರಿಗೂ ಇಲ್ಲವಾದದ್ದು. ಇದ್ದೂ ನಮಗೆ ಇಲ್ಲವಾದ ಚಿತ್ರಗಳ ಕಥೆ ಬೇರೆ. 1970ರ ‘ಸಂಸ್ಕಾರ’ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಸಂಗೀತ ಕೊಟ್ಟ ರಾಜೀವ ತಾರಾನಾಥರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ. ಹೀಗೆ ಎರಡು ಕಡೆಯಿಂದ ನಮಗೆ ನೆಂಟಸ್ತಿಕೆಯಿದ್ದ ಚಿತ್ರ ನಮ್ಮ ಡೇರೆಗಳಿಗೆ ಬರಲಿಲ್ಲ. ಇಂಥವನ್ನು ನಾವು ನೋಡಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರಗಳನ್ನು ಹಾಕತೊಡಗಿದ ಮೇಲೆ. ಊಟ ಮಾಡಿ ಅಡ್ಡಾಗುವ ಹೊತ್ತು, ಮಾಳಿಗೆಯ ಮೇಲೆ ಒಬ್ಬ ಆಂಟೆನಾ ತಿರುವುತ್ತಾ ‘ಬಂತೇನೋ’ ಎಂದು ಕೂಗುವ ಹೊತ್ತು. ‘ಶೋಲೆ’ಗೆ ದೊಡ್ಡ ಪರದೆ, ‘ಘಟಶ್ರಾದ್ಧ’ಕ್ಕೆ ಮಸುಕು ಮಸುಕು ಪೆಟ್ಟಿಗೆ. ಆಮೇಲೆ ಎರಡಕ್ಕೂ ಒಂದೇ ತಕ್ಕಡಿ ಹಿಡಿದೆವು.

ಸರಿಯಾಗಿ ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹೆಗ್ಗೋಡು. ಅಲ್ಲಿ ಕೆ.ವಿ. ಸುಬ್ಬಣ್ಣ 1973ರಲ್ಲಿ ನೀನಾಸಂ ಚಿತ್ರಸಮಾಜ ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳು ಆ ಹಳ್ಳಿಯ ಪರದೆಯ ಮೇಲೆ ಬಂದವು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಗಾರದ ಪಿ.ಕೆ. ನಾಯರ್ ಅವರು ಇದಕ್ಕೆ ಬೆನ್ನೆಲುಬಾಗಿ ನಿಂತರು. ನಾಯರ್ ಅವರ ಬದುಕಿನ ಮೇಲೆ 2012ರಲ್ಲಿ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಸಾಮಾನ್ಯ ರೈತರು ಆ ಚಿತ್ರಗಳನ್ನು ನೆನೆದು ಮಾತಾಡುತ್ತಾರೆ. ಪಾಂಡಿತ್ಯದ ಸೋಗಿಲ್ಲ, ಊರ ಪಕ್ಕದಲ್ಲಿ ನಡೆದದ್ದನ್ನು ಹೇಳುವ ದನಿ. ಅವರೇನು ನಮಗಿಂತ ಹೆಚ್ಚು ಓದಿದವರಲ್ಲ. ಅವರಿಗೆ ಚಿತ್ರ ಸಿಕ್ಕಿತು, ನಮಗೆ ಸಿಗಲಿಲ್ಲ. ಈಗ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹೊಸತರಂತೆ ಮಾಡಿದೆ; ಮಾರ್ಟಿನ್ ಸ್ಕಾರ್ಸೆಸೆ ಅವರ ಸಂಸ್ಥೆ ಜೊತೆಗೂಡಿತ್ತು. 2024ರಲ್ಲಿ ವೆನಿಸ್ ಉತ್ಸವದಲ್ಲಿ ಅದನ್ನು ತೋರಿಸಿದರು. ವೆನಿಸ್ಸಿಗೆ ಹೋದದ್ದು ಅರಕೇರಾಕ್ಕೆ ಬರಲು ಏನು ಅಡ್ಡಿ? ಒಂದು ಪ್ರೊಜೆಕ್ಟರ್, ಒಂದು ಬಿಳಿ ಪರದೆ, ಶಾಲೆಯ ಒಂದು ದೊಡ್ಡ ಕೋಣೆ. ಸಂಘಟಕರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ ಎಂದು ಇದನ್ನು ಸ್ವಲ್ಪ ಜೋರಾಗಿ ಹೇಳಿದೆ.

ಈಗ ನಮ್ಮ ಸೀಮೆಯ ವಾದ ನಿಜಕ್ಕೂ ಬಿಸಿಯಾಗುವ ಜಾಗಕ್ಕೆ ಬರುತ್ತೇನೆ. ಎಪ್ಪತ್ತರ ದಶಕದಲ್ಲಿ ಮೂರು ವರ್ಷಗಳ ಅಂತರದಲ್ಲಿ ಕನ್ನಡದಲ್ಲಿ ನೆಲದ ಕುರಿತು ಮೂರು ದೊಡ್ಡ ಚಿತ್ರ ಬಂದವು. ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ 1972ರಲ್ಲಿ, ಅವರದೇ ‘ಭೂತಯ್ಯನ ಮಗ ಅಯ್ಯು’ 1974ರಲ್ಲಿ, ಬಿ.ವಿ. ಕಾರಂತರ ‘ಚೋಮನ ದುಡಿ’ 1975ರಲ್ಲಿ. ಇವುಗಳ ನಡುವೆ, 1974ರ ಮಾರ್ಚ್ ಒಂದರಿಂದ, ದೇವರಾಜ ಅರಸರ ಭೂಸುಧಾರಣೆಯ ಕಾನೂನು ಜಾರಿಗೆ ಬಂತು. ಉಳುವವನೇ ಒಡೆಯ ಎಂಬ ಮಾತು ಊರೂರಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಈ ಚಿತ್ರಗಳನ್ನು ನೋಡಿದವರು ಬರೀ ಕಥೆ ನೋಡಿರಲಾರರು.

‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಟಿ.ಕೆ. ರಾಮರಾವ್ ಅವರ ಕಾದಂಬರಿಯ ರಾಜೀವ ಅಕ್ಕನ ಮನೆಗೆ ಬಂದವನು ಅಲ್ಲಿಯೇ ನಿಂತು, ಬಂಡೆ ಒಡೆದು, ಬಂಜರನ್ನು ಹಸಿರು ಮಾಡುತ್ತಾನೆ. ಕೊನೆಗೆ ಮನೆಯವರ ಅನುಮಾನಕ್ಕೆ ಗುರಿಯಾಗಿ ಎಲ್ಲ ಬಿಟ್ಟು ನಡೆಯುತ್ತಾನೆ. ಈ ಚಿತ್ರ ನೋಡಿ ಪಟ್ಟಣದ ಹುಡುಗರು ಹಳ್ಳಿಗೆ ತಿರುಗಿದರು ಎಂದು ಹೇಳುವುದುಂಟು. ಇರಬಹುದು. ಆದರೆ 1972ರಲ್ಲಿ ನಮ್ಮ ಕಡೆ ಬರ. ಬಾವಿ ಬತ್ತಿ, ದನ ಮಾರಿ, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವರು ಪರದೆಯ ಮೇಲೆ ರಾಜ್‌ಕುಮಾರ್ ಕಲ್ಲು ಒಡೆಯುವುದನ್ನು ನೋಡಿದರು. ಅವರ ಕಲ್ಲಿನ ಕೆಳಗೆ ನೀರು ಬರಲಿಲ್ಲ. ಆದರೂ ಚಿತ್ರವನ್ನು ಅವರು ಸುಳ್ಳೆನ್ನಲಿಲ್ಲ, ಮೊದಲ ಸ್ಥಾನವನ್ನೇ ಕೊಟ್ಟರು. ನಾರಾಯಣಪುರ ಬಲದಂಡೆ ನಾಲೆಯ ನೀರು ಈ ಭಾಗಕ್ಕೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ನಾಲೆಯ ಕೆಳಗಿನ ಗದ್ದೆಯವರು ಇವತ್ತು ಆ ಚಿತ್ರ ನೋಡಿದರೆ ಅದೇ ಅಂಕ ಕೊಡುತ್ತಾರೋ, ನಾಲೆಯ ಕೊನೆಯಂಚಿನವರು ಕೊಡುತ್ತಾರೋ ಎಂದು ನನಗೆ ಕುತೂಹಲ.

‘ಭೂತಯ್ಯನ ಮಗ ಅಯ್ಯು’ ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆ. ಇಲ್ಲಿ ಸಾಲವಿದೆ, ಹಗೆಯಿದೆ. ಎಂ.ಪಿ. ಶಂಕರ್ ಅವರ ಭೂತಯ್ಯ ಸತ್ತಾಗ ಹೆಗಲು ಕೊಡಲು ಊರು ಬರುವುದಿಲ್ಲ. ಅಪ್ಪನ ಹೆಣದ ಮುಂದೆ ಒಬ್ಬನೇ ನಿಂತ ಲೋಕೇಶ್ ಅವರ ಮುಖ ನೋಡಿ: ಸಿಟ್ಟು ಬರಬೇಕಾದ ಜಾಗದಲ್ಲಿ ನಾಚಿಕೆ ಬರುತ್ತದೆ. ಅಲ್ಲಿಂದ ಅಯ್ಯು ಬೇರೆ ಮನುಷ್ಯನಾಗಲು ಹೊರಡುತ್ತಾನೆ, ಊರು ಬಿಡುವುದಿಲ್ಲ. ವಿಷ್ಣುವರ್ಧನರ ಗುಳ್ಳ ಎದುರು ನಿಲ್ಲುತ್ತಾನೆ. ಇಷ್ಟು ಭಾರದ ಕಥೆಯ ನಡುವೆ ಹೋಟೆಲಿನಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವುದನ್ನು ಇಟ್ಟ ನಿರ್ದೇಶಕನ ಧೈರ್ಯ ದೊಡ್ಡದು. ಚಿತ್ರ ನೋಡದವರಿಗೂ ಆ ಉಪ್ಪಿನಕಾಯಿ ಗೊತ್ತು. ಕೊನೆಯ ಪ್ರವಾಹವನ್ನು, 2009ರ ಅಕ್ಟೋಬರಿನ ನೆರೆ ಕಂಡ ನಮ್ಮ ಕೃಷ್ಣಾ ದಂಡೆಯವರು ಯಾರ ಸಹಾಯವೂ ಇಲ್ಲದೆ ಅಳೆಯಬಲ್ಲರು.

‘ಚೋಮನ ದುಡಿ’ಯಲ್ಲಿ ನೆಲವೇ ಸಿಗುವುದಿಲ್ಲ. ಶಿವರಾಮ ಕಾರಂತರ ಚೋಮನಿಗೆ ಎತ್ತು ಇವೆ, ತೋಳಿನಲ್ಲಿ ಕಸುವಿದೆ, ಆಸೆಯಿದೆ. ಹುಟ್ಟಿದ ಜಾತಿಯಿಂದಾಗಿ ಉಳುವ ಹಕ್ಕಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಹುಡುಗ ನೀರಿನಲ್ಲಿ ಮುಳುಗುವಾಗ ದಂಡೆಯಲ್ಲಿದ್ದವರು ಮುಟ್ಟಲು ಹಿಂಜರಿಯುತ್ತಾರೆ. ಕಡೆಗೆ ಎತ್ತುಗಳನ್ನು ಓಡಿಸಿ, ಬಾಗಿಲು ಹಾಕಿಕೊಂಡು, ಚೋಮ ದುಡಿ ಬಾರಿಸುತ್ತಾ ಸಾಯುತ್ತಾನೆ. ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು, ಚಿತ್ರಕ್ಕೆ ಸ್ವರ್ಣಕಮಲ. ಪಾರ್ಟು ನೋಡುವ ನಮ್ಮವರ ಅಳತೆಯಿಂದಲೇ ನೋಡಿದರೂ ಇದಕ್ಕಿಂತ ದೊಡ್ಡ ಪಾರ್ಟು ಕನ್ನಡದಲ್ಲಿ ಕಡಿಮೆ. ಹಾಗಿದ್ದೂ ನಮ್ಮ ಚಾದಂಗಡಿಯ ಪಟ್ಟಿಯಲ್ಲಿ ಇದು ಯಾಕಿಲ್ಲ? ಬಂದು ತೋರಿಸಿದವರಿಲ್ಲ ಎಂಬುದು ಅರ್ಧ ಕಾರಣ. ಉಳಿದರ್ಧ ಹೇಳಲು ಸ್ವಲ್ಪ ಮುಜುಗರ. ಚಾದಂಗಡಿಯ ಬೆಂಚಿನ ಮೇಲೆ ಕುಳಿತು ವಾದ ಮಾಡಿದವರಲ್ಲಿ ನೆಲವಿದ್ದವರೇ ಹೆಚ್ಚು. ಹೊರಗೆ ನಿಂತು ಬೇರೆ ಲೋಟದಲ್ಲಿ ಚಾ ಕುಡಿದವರನ್ನು 1975ರಲ್ಲಿ ಯಾರೂ ‘ನಿನ್ನ ಲೆಕ್ಕದಾಗ ಯಾವುದು ಮೇಲು’ ಎಂದು ಕೇಳಲಿಲ್ಲ. ಸೈಟ್ ಅಂಡ್ ಸೌಂಡಿನವರು ಮತದಾರರ ಪಟ್ಟಿ ಹಿಗ್ಗಿಸಿದ ಮೇಲೆಯೇ ಬಟಾಟಿ ಸುಲಿಯುವ ಹೆಂಗಸು ಮೇಲೆ ಬಂದಳು. ನಮ್ಮಲ್ಲೂ ಬೆಂಚು ಉದ್ದವಾದರೆ ಕ್ರಮ ಬದಲಾದೀತು.

ಚೋಮನ ಮಕ್ಕಳು ಹೋದಂತೆ ನಮ್ಮ ಮಕ್ಕಳು ಇಂದಿಗೂ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಉತ್ಸವ್ ಗೋನವಾರ ಅವರ ‘ಫೋಟೋ’ 2024ರಲ್ಲಿ ಬಿಡುಗಡೆಯಾಯಿತು. ವಿಧಾನಸೌಧದ ಮುಂದೆ ಒಂದು ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಅಪ್ಪನ ಬಳಿಗೆ ಹೋದ ನಮ್ಮ ಕಡೆಯ ಹುಡುಗ, ಲಾಕ್‌ಡೌನ್, ನಡೆದುಕೊಂಡು ಊರಿನ ದಾರಿ. ಅದರಲ್ಲಿ ನಮ್ಮ ಭಾಷೆ ನಗೆಚಾಟಿಕೆಗಾಗಿ ಬಂದಿಲ್ಲ ಎಂಬುದೇ ದೊಡ್ಡ ಸಮಾಧಾನ. ಹಳೆಯದಾಗಲು ಅದಕ್ಕಿನ್ನೂ ಕಾಲ ಬೇಕು, ಪಟ್ಟಿಗೆ ಸೇರಿಸುವುದಿಲ್ಲ.

ನನ್ನ ಪಟ್ಟಿ ಹೇಳದೆ ಇಳಿದರೆ ನೀವು ಬಿಡುವುದಿಲ್ಲ. ಮೊದಲನೆಯದು ‘ಚೋಮನ ದುಡಿ’, ಕಾರಣ ಹೇಳಿದ್ದಾಗಿದೆ. ಎರಡನೆಯದು ‘ಭೂತಯ್ಯನ ಮಗ ಅಯ್ಯು’. ‘ಬಂಗಾರದ ಮನುಷ್ಯ’ದ ರಾಜೀವ ಮೊದಲಿನಿಂದ ಕೊನೆಯವರೆಗೆ ಒಳ್ಳೆಯವನು, ಕೆಟ್ಟವನೊಬ್ಬ ಒಳ್ಳೆಯವನಾಗಲು ಪಡುವ ಪಾಡು ಅದರಲ್ಲಿಲ್ಲ, ಅದಕ್ಕೇ ಅದನ್ನು ನಾಲ್ಕಕ್ಕೆ ಇಳಿಸುತ್ತೇನೆ. ಮೂರನೆಯದು ‘ಘಟಶ್ರಾದ್ಧ’. ಐದನೆಯದಕ್ಕೆ ‘ಸತ್ಯ ಹರಿಶ್ಚಂದ್ರ’, ಕಪ್ಪು ಬಿಳುಪಿನದು, ಬಣ್ಣದ್ದಲ್ಲ. ‘ಸಂಪತ್ತಿಗೆ ಸವಾಲ್’ ಆರಕ್ಕೆ ಹೋಯಿತು ಎಂದು ಕೊನೆಯ ಸಾಲಿನಲ್ಲಿ ಈಗಾಗಲೇ ಇಬ್ಬರು ಎದ್ದು ನಿಂತಿದ್ದಾರೆ. ಮೈಕನ್ನು ಅವರ ಕೈಗೆ ಕೊಡಿ.